ಶ್ರೀಮಂತ ಮಾಲೀಕರಿದ್ದರೂ ನ್ಯೂಕಾಸಲ್ ಬಯಸಿದ ಆಟಗಾರರನ್ನೆಲ್ಲ ಏಕೆ ಕೊಳ್ಳಲಾರದು?

ಇಂಗ್ಲೆಂಡಿನ ಈಶಾನ್ಯ ಭಾಗದ ನ್ಯೂಕಾಸಲ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ 2025ರ ಮಾರ್ಚ್ 16ರಂದು ವೆಂಬ್ಲಿ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ತಂಡವನ್ನು 2–1 ಗೋಲುಗಳಿಂದ ಸೋಲಿಸಿ ಲೀಗ್ ಕಪ್ ಗೆದ್ದಿತು. 1955ರ ಎಫ್‌ಎ ಕಪ್ಪಿನ ನಂತರ ಆ ಕ್ಲಬ್ಬಿಗೆ ದಕ್ಕಿದ ಮೊದಲ ಪ್ರಮುಖ ದೇಶೀಯ ಕಪ್ ಅದು. ಆ ಪಂದ್ಯದಲ್ಲಿ ಎರಡನೇ ಗೋಲು ಹೊಡೆದ ಸ್ವೀಡನ್ನಿನ ಅಲೆಕ್ಸಾಂಡರ್ ಇಸಾಕ್, ಐದೂವರೆ ತಿಂಗಳ ಬಳಿಕ, ಅಂದರೆ ಸೆಪ್ಟೆಂಬರ್ 1ರಂದು, 12.5 ಕೋಟಿ ಪೌಂಡಿಗೆ ಅದೇ ಲಿವರ್‌ಪೂಲ್ ಸೇರಿದರು. ಆಗಿನ ವಿನಿಮಯ ದರದಲ್ಲಿ ಅದು 1,450 ಕೋಟಿ ರೂಪಾಯಿಗೂ ಹೆಚ್ಚಿನ ಮೊತ್ತವಾಗಿದ್ದು, ಬ್ರಿಟನ್ನಿನ ಕ್ಲಬ್ ಒಂದು ಆಟಗಾರನೊಬ್ಬನಿಗಾಗಿ ಅಲ್ಲಿಯವರೆಗೆ ತೆತ್ತ ಅತಿ ದೊಡ್ಡ ಬೆಲೆಯಾಗಿತ್ತು.

ಈ ಮಾರಾಟ ಹೊರಗಿನವರಿಗೆ ಅರ್ಥವಾಗದಿರುವುದು ಸಹಜ. ನ್ಯೂಕಾಸಲ್ ಕ್ಲಬ್ಬಿನ ಬಹುಪಾಲು ಒಡೆತನ ಇರುವುದು ಸೌದಿ ಅರೇಬಿಯಾದ ಸಾರ್ವಜನಿಕ ಹೂಡಿಕೆ ನಿಧಿಯ ಕೈಯಲ್ಲಿ. ಅದು ನೂರಾರು ಶತಕೋಟಿ ಡಾಲರುಗಳ ಆಸ್ತಿಯುಳ್ಳ ನಿಧಿ. ಅಂಥ ಮಾಲೀಕರಿರುವಾಗ ತಂಡದ ಅತ್ಯುತ್ತಮ ಗೋಲುಗಾರನನ್ನು ಪ್ರತಿಸ್ಪರ್ಧಿಗೆ ಬಿಟ್ಟುಕೊಡುವುದೇಕೆ? ಪ್ರತಿ ಬೇಸಿಗೆಯಲ್ಲೂ ಅಭಿಮಾನಿಗಳು ಬರೆದಿಟ್ಟುಕೊಳ್ಳುವ ಹೆಸರುಗಳ ಪಟ್ಟಿಯಲ್ಲಿ ಒಬ್ಬರೋ ಇಬ್ಬರೋ ಮಾತ್ರ ಬರುವುದೇಕೆ? ಉತ್ತರ ಇರುವುದು ಮೈದಾನಕ್ಕಿಂತ ಹೆಚ್ಚಾಗಿ ಲೆಕ್ಕದ ಪುಸ್ತಕದಲ್ಲಿ.

ಕ್ಲಬ್ಬು ನಿಜವಾಗಿ ಕೊಳ್ಳುವುದು ಏನನ್ನು?

ಐಪಿಎಲ್ ಹರಾಜನ್ನು ನೋಡಿ ಬೆಳೆದ ನಮ್ಮ ಓದುಗರು ಮೊದಲು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಐಪಿಎಲ್‌ನಲ್ಲಿ ಸಾಮಾನ್ಯವಾಗಿ ಕೂಗಿದ ಬೆಲೆಯೇ ಆಟಗಾರನ ಸಂಭಾವನೆ. ಫುಟ್‌ಬಾಲ್‌ನಲ್ಲಿ ವರ್ಗಾವಣೆ ಶುಲ್ಕ ಹೋಗುವುದು ಆಟಗಾರನ ಹಿಂದಿನ ಕ್ಲಬ್ಬಿಗೆ. ಸಂಬಳವನ್ನು ಹೊಸ ಕ್ಲಬ್ ಪ್ರತ್ಯೇಕವಾಗಿ ಕೊಡಬೇಕು, ಮಧ್ಯವರ್ತಿಗಳಾದ ಏಜೆಂಟರ ದಲ್ಲಾಳಿಯೂ ಬೇರೆ. ಹೀಗಾಗಿ ಪತ್ರಿಕೆಯಲ್ಲಿ ಅಚ್ಚಾಗುವ ಮೊತ್ತ ಒಟ್ಟು ವೆಚ್ಚದ ಒಂದು ಭಾಗ ಮಾತ್ರ.

ಆ ಶುಲ್ಕ ಕೊಟ್ಟು ಹೊಸ ಕ್ಲಬ್ ಕೊಳ್ಳುವುದು ಆಟಗಾರನನ್ನಲ್ಲ, ಆತನ ನೋಂದಣಿಯನ್ನು. ಮಲೆನಾಡಿನ ಕಡೆ ಅಡಿಕೆ ತೋಟವನ್ನು ಚೇಣಿಗೆ ಹಿಡಿಯುವ ವ್ಯಾಪಾರಿ ಮರಗಳ ಒಡೆಯನಾಗುವುದಿಲ್ಲ. ಒಪ್ಪಿದ ಅವಧಿಯ ಫಸಲಿನ ಹಕ್ಕಿಗಷ್ಟೇ ಅವನು ಹಣ ಕೊಟ್ಟಿರುತ್ತಾನೆ. ಇಲ್ಲಿಯೂ ಹಾಗೆಯೇ, ಒಪ್ಪಂದದ ಅವಧಿಯಲ್ಲಿ ಆಟಗಾರ ತನ್ನ ಪರವಾಗಿ ಮಾತ್ರ ಆಡಬೇಕು ಎಂಬ ಹಕ್ಕನ್ನು ಕ್ಲಬ್ ಪಡೆಯುತ್ತದೆ. ಅವಧಿ ತೀರಿದ ಮೇಲೆ ಆ ಹಕ್ಕು ಇಲ್ಲವಾಗುತ್ತದೆ.

ಅವಧಿ ಮುಗಿದ ಆಟಗಾರ ಶುಲ್ಕವಿಲ್ಲದೆ ಹೊರಡಬಹುದು ಎಂಬುದು ಇಂದು ಸಾಮಾನ್ಯ ಸಂಗತಿಯಂತೆ ಕಂಡರೂ, ಯುರೋಪಿನಲ್ಲಿ ಅದು ಗಟ್ಟಿಯಾದದ್ದು 1995ರ ಡಿಸೆಂಬರ್ 15ರಂದು, ಬೆಲ್ಜಿಯಂನ ಜಾನ್‌-ಮಾರ್ಕ್ ಬಾಸ್‌ಮನ್ ಎಂಬ ಆಟಗಾರ ಹೂಡಿದ್ದ ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯ ನೀಡಿದ ತೀರ್ಪಿನಿಂದ. ಅದಕ್ಕೂ ಮುನ್ನ ಒಪ್ಪಂದ ಮುಗಿದವರನ್ನೂ ಹಳೆಯ ಕ್ಲಬ್ಬುಗಳು ಶುಲ್ಕ ಕೇಳಿ ತಡೆಯಬಹುದಾಗಿತ್ತು. ನ್ಯೂಕಾಸಲ್ 2024ರಲ್ಲಿ ಬೋರ್ನ್‌ಮತ್‌ನಿಂದ ರಕ್ಷಣಾ ಆಟಗಾರ ಲಾಯ್ಡ್ ಕೆಲ್ಲಿಯನ್ನು ಬಿಡಿಗಾಸೂ ಶುಲ್ಕ ಕೊಡದೆ ಕರೆತಂದದ್ದು ಇದೇ ದಾರಿಯಲ್ಲಿ.

ಒಪ್ಪಂದದಲ್ಲಿ ಎಷ್ಟು ವರ್ಷ ಉಳಿದಿದೆ ಎಂಬುದರ ಮೇಲೆ ಬೆಲೆ ಎಷ್ಟರಮಟ್ಟಿಗೆ ನಿಂತಿದೆ ಎಂಬುದನ್ನು 2025ರ ಬೇಸಿಗೆಯ ಎರಡು ಪ್ರಕರಣಗಳು ತೋರಿಸುತ್ತವೆ. ಇಸಾಕ್ ಅವರ ಒಪ್ಪಂದ 2028ರವರೆಗೆ ಇತ್ತು. ಹೀಗಾಗಿ ಆಗಸ್ಟ್ ಆರಂಭದಲ್ಲಿ ಲಿವರ್‌ಪೂಲ್ ಮುಂದಿಟ್ಟ 11 ಕೋಟಿ ಪೌಂಡಿನ ಪ್ರಸ್ತಾಪವನ್ನು ನ್ಯೂಕಾಸಲ್ ತಳ್ಳಿಹಾಕಿ, ಇನ್ನಷ್ಟು ಮೊತ್ತಕ್ಕಾಗಿ ಕಾಯಲು ಸಾಧ್ಯವಾಯಿತು. ಆಟಗಾರ ಆಡಲು ನಿರಾಕರಿಸಿ ತಂಡದಿಂದ ದೂರ ಉಳಿದರೂ ಕ್ಲಬ್ಬಿನ ಹಕ್ಕು ಹೋಗಲಿಲ್ಲ. ಅದೇ ಬೇಸಿಗೆಯಲ್ಲಿ ಲಿವರ್‌ಪೂಲ್‌ನವರೇ ಆದ ಟ್ರೆಂಟ್ ಅಲೆಕ್ಸಾಂಡರ್‌-ಆರ್ನಾಲ್ಡ್ ಅವರ ಒಪ್ಪಂದ ಜೂನ್ 30ಕ್ಕೆ ಮುಗಿಯುತ್ತಿತ್ತು. ಕ್ಲಬ್ ವಿಶ್ವಕಪ್ಪಿಗಾಗಿ ಕೆಲವು ವಾರ ಮೊದಲೇ ಅವರನ್ನು ಬಿಡಿಸಿಕೊಳ್ಳಲು ರಿಯಲ್ ಮ್ಯಾಡ್ರಿಡ್ ಕೊಟ್ಟದ್ದು ಸುಮಾರು ಒಂದು ಕೋಟಿ ಯೂರೊ. ಇಬ್ಬರೂ ಮೊದಲ ದರ್ಜೆಯ ಆಟಗಾರರೇ. ಬೆಲೆಯ ಅಂತರ ಬಹುಮಟ್ಟಿಗೆ ಒಪ್ಪಂದದಲ್ಲಿ ಉಳಿದಿದ್ದ ವರ್ಷಗಳ ಅಂತರ.

ಖರೀದಿಗೆ ಗೊತ್ತಾದ ಕಾಲ

ನೋಂದಣಿ ಬದಲಿಸಲು ವರ್ಷಕ್ಕೆ ಎರಡು ಅವಧಿಗಳಷ್ಟೇ ತೆರೆದಿರುತ್ತವೆ. ಇವನ್ನೇ ಟ್ರಾನ್ಸ್‌ಫರ್ ವಿಂಡೋ ಎನ್ನುತ್ತಾರೆ. ಒಂದು ಎರಡು ಋತುಗಳ ನಡುವಿನ ಬೇಸಿಗೆಯಲ್ಲಿ (ನಮಗೆ ಅದು ಮುಂಗಾರು), ಇನ್ನೊಂದು ಜನವರಿಯಲ್ಲಿ. 2025ರಲ್ಲಿ ಇಂಗ್ಲೆಂಡಿನ ಬೇಸಿಗೆ ಅವಧಿ ಸೆಪ್ಟೆಂಬರ್ 1ರ ಸಂಜೆ 7 ಗಂಟೆಗೆ, ಅಂದರೆ ಭಾರತದ ರಾತ್ರಿ 11.30ಕ್ಕೆ ಮುಚ್ಚಿತು. ಗಡುವಿನೊಳಗೆ ಕರಾರಿನ ಮುಖ್ಯಾಂಶಗಳನ್ನು ಒಂದು ಹಾಳೆಯಲ್ಲಿ ಸಲ್ಲಿಸಿದರೆ ಉಳಿದ ಕಾಗದಪತ್ರಗಳಿಗೆ ಎರಡು ಗಂಟೆ ಹೆಚ್ಚುವರಿ ಸಮಯ ಸಿಗುತ್ತದೆ. ಕೊನೆಯ ದಿನ ವ್ಯವಹಾರಗಳು ಒಂದರ ಮೇಲೊಂದು ಬೀಳುವುದಕ್ಕೆ ಸರಪಳಿಯೇ ಕಾರಣ: ಬದಲಿ ಆಟಗಾರ ಸಿಕ್ಕುವವರೆಗೆ ಯಾವ ಕ್ಲಬ್ಬೂ ತನ್ನವನನ್ನು ಬಿಡಲು ಒಪ್ಪುವುದಿಲ್ಲ. ನ್ಯೂಕಾಸಲ್ ಕೂಡ ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ನಿಕ್ ವೋಲ್ಟೆಮಾಡೆ ಬಂದ ಮೇಲೆಯೇ ಇಸಾಕ್ ಅವರನ್ನು ಬಿಟ್ಟುಕೊಟ್ಟಿತು.

ಲೆಕ್ಕದ ಪುಸ್ತಕದಲ್ಲಿ ಒಬ್ಬ ಆಟಗಾರ

ಇಡೀ ವಿಷಯದ ತಿರುಳು ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಕ್ಲಬ್ಬೊಂದು ಆಟಗಾರನಿಗೆ ಕೊಟ್ಟ ಶುಲ್ಕವನ್ನು ಒಂದೇ ವರ್ಷದ ಖರ್ಚಾಗಿ ಬರೆಯುವುದಿಲ್ಲ. ಒಪ್ಪಂದದ ವರ್ಷಗಳಿಗೆ ಸಮನಾಗಿ ಹಂಚಿ ಬರೆಯುತ್ತದೆ. ಚೇಣಿಯ ವ್ಯಾಪಾರಿ ಐದು ವರ್ಷದ ಫಸಲಿಗೆ ಹತ್ತು ಲಕ್ಷ ಕೊಟ್ಟಿದ್ದರೆ ವರ್ಷಕ್ಕೆ ಎರಡು ಲಕ್ಷದಂತೆ ಲೆಕ್ಕ ಹಿಡಿಯುವ ಹಾಗೆಯೇ ಇದು. ಹೀಗೆ ವರ್ಷವರ್ಷವೂ ಬರೆದು ಕಳೆಯುವ ಮೊತ್ತವನ್ನು ಲೆಕ್ಕಿಗರು ಅಮೋರ್ಟೈಸೇಶನ್ ಎಂದು ಕರೆಯುತ್ತಾರೆ. ಈ ಲೇಖನದಲ್ಲಿ ವಾರ್ಷಿಕ ಸವಕಳಿ ಎನ್ನೋಣ. ಇನ್ನೂ ಬರೆದು ಕಳೆಯದೆ ಉಳಿದಿರುವ ಮೊತ್ತವೇ ಆಟಗಾರನ ಪುಸ್ತಕ ಮೌಲ್ಯ.

ನ್ಯೂಕಾಸಲ್ 2022ರ ಆಗಸ್ಟ್‌ನಲ್ಲಿ ಸ್ಪೇನಿನ ರಿಯಲ್ ಸೊಸಿಯೆಡಾಡ್‌ನಿಂದ ಇಸಾಕ್ ಅವರನ್ನು ಕೊಂಡಾಗ ತೆತ್ತದ್ದು ಸುಮಾರು 6 ಕೋಟಿ ಪೌಂಡ್, ಒಪ್ಪಂದ ಆರು ವರ್ಷದ್ದು. ವರ್ಷಕ್ಕೆ ಸುಮಾರು ಒಂದು ಕೋಟಿಯಂತೆ ಮೂರು ವರ್ಷ ಸವೆದ ಮೇಲೆ 2025ರಲ್ಲಿ ಉಳಿದ ಪುಸ್ತಕ ಮೌಲ್ಯ ಸುಮಾರು 3 ಕೋಟಿ. ಮಾರಿದ್ದು 12.5 ಕೋಟಿಗೆ. ಈ ಎರಡರ ವ್ಯತ್ಯಾಸವಾದ ಸುಮಾರು 9.5 ಕೋಟಿ ಪೌಂಡನ್ನು ಕ್ಲಬ್ ಮಾರಾಟವಾದ ವರ್ಷದ ಲಾಭವೆಂದು ಪೂರ್ತಿಯಾಗಿ ಬರೆದುಕೊಳ್ಳಬಹುದು. ಲಿವರ್‌ಪೂಲ್ ಆ ಹಣವನ್ನು ಕಂತುಗಳಲ್ಲಿ ಕೊಟ್ಟರೂ ಲೆಕ್ಕದಲ್ಲಿ ಲಾಭ ಕಾಣುವುದು ಒಮ್ಮೆಲೇ.

ಇನ್ನು ಖರೀದಿಯ ಬದಿ. ವೋಲ್ಟೆಮಾಡೆ ಅವರಿಗೆ ಮೂಲ ಶುಲ್ಕ ಸುಮಾರು 6.5 ಕೋಟಿ ಪೌಂಡ್, ಅದು ಕ್ಲಬ್ಬಿನ ದಾಖಲೆ. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 1.3 ಕೋಟಿ. ಅಂದರೆ ಒಬ್ಬನನ್ನು ಮಾರಿದ ವರ್ಷದಲ್ಲಿ ದೊಡ್ಡ ಲಾಭ, ಇನ್ನೊಬ್ಬನನ್ನು ಕೊಂಡದ್ದಕ್ಕೆ ಸಣ್ಣ ಖರ್ಚು. ಇಷ್ಟನ್ನೇ ನೋಡಿದರೆ ಹತ್ತು ಜನರನ್ನು ಕೊಳ್ಳಬಹುದಲ್ಲವೇ ಎನ್ನಿಸುತ್ತದೆ. ಆದರೆ ಲಾಭ ಒಂದು ವರ್ಷದ್ದು, ಸವಕಳಿ ಮತ್ತು ಸಂಬಳ ಐದು ವರ್ಷದವು. ಇಂದು ಸುಲಭವಾಗಿ ಕಂಡ ಖರೀದಿ ಮೂರನೆಯ, ನಾಲ್ಕನೆಯ ವರ್ಷದ ಲೆಕ್ಕದಲ್ಲಿ ಬಂದು ಕೂರುತ್ತದೆ.

ಐದು ವರ್ಷವೆಂಬ ಮಿತಿಗೂ ಒಂದು ಹಿನ್ನೆಲೆಯಿದೆ. ಚೆಲ್ಸಿ ಕ್ಲಬ್ 2023ರ ಜನವರಿಯಲ್ಲಿ ಉಕ್ರೇನಿನ ಮಿಖಾಯ್ಲೊ ಮುಡ್ರಿಕ್ ಅವರಿಗೆ ಎಂಟೂವರೆ ವರ್ಷದ ಒಪ್ಪಂದ ಕೊಟ್ಟು ವಾರ್ಷಿಕ ಖರ್ಚನ್ನು ತೆಳುವಾಗಿಸಿತ್ತು. ಅದಾದ ಮೇಲೆ ಮೊದಲು ಯುರೋಪಿನ ಒಕ್ಕೂಟವಾದ ಯುಇಎಫ್‌ಎ, ನಂತರ ಇಂಗ್ಲೆಂಡಿನ ಅಗ್ರ ದರ್ಜೆಯಾದ ಪ್ರೀಮಿಯರ್ ಲೀಗ್, ಒಪ್ಪಂದ ಎಷ್ಟೇ ಉದ್ದವಿದ್ದರೂ ಶುಲ್ಕವನ್ನು ಐದು ವರ್ಷಕ್ಕಿಂತ ಹೆಚ್ಚು ಕಾಲಕ್ಕೆ ಹಂಚುವಂತಿಲ್ಲ ಎಂದು ನಿಗದಿ ಮಾಡಿದವು.

ಮಾಲೀಕರ ಹಣ ಏಕೆ ಸಾಲುವುದಿಲ್ಲ?

ಸೌದಿ ನಿಧಿಯ ನೇತೃತ್ವದ ಗುಂಪು 2021ರ ಅಕ್ಟೋಬರ್ 7ರಂದು 30.5 ಕೋಟಿ ಪೌಂಡಿಗೆ ನ್ಯೂಕಾಸಲ್ ಕ್ಲಬ್ಬನ್ನು ಕೊಂಡಾಗ ಸೇಂಟ್ ಜೇಮ್ಸ್ ಪಾರ್ಕ್ ಕ್ರೀಡಾಂಗಣದ ಹೊರಗೆ ಅಭಿಮಾನಿಗಳು ಸಂಭ್ರಮಿಸಿದ್ದರು. ಹದಿನಾಲ್ಕು ವರ್ಷ ಕೈಬಿಗಿ ಹಿಡಿದಿದ್ದ ಹಿಂದಿನ ಮಾಲೀಕರು ಹೋದರು, ಇನ್ನು ಹಣದ ಹೊಳೆ ಹರಿಯುತ್ತದೆ ಎಂಬ ನಿರೀಕ್ಷೆ ಸಹಜವೇ ಆಗಿತ್ತು. ಮಾಲೀಕರ ಬಳಿ ಹಣವಿರುವುದು ಸುಳ್ಳಲ್ಲ. ಆದರೆ ಅದನ್ನು ಎಷ್ಟು ಸುರಿಯಬಹುದು ಎಂಬುದಕ್ಕೆ ಪ್ರೀಮಿಯರ್ ಲೀಗ್ ಕಟ್ಟು ಹಾಕಿತ್ತು.

2025–26ರ ಋತುವಿನವರೆಗಿನ ಆ ಕಟ್ಟಿನ ಹೆಸರು ಲಾಭ ಮತ್ತು ಸುಸ್ಥಿರತೆ ನಿಯಮ. ಕ್ರೀಡಾ ಪುಟಗಳಲ್ಲಿ ಪಿಎಸ್‌ಆರ್ ಎಂದೇ ಬರುತ್ತದೆ. ಮೂರು ಋತುಗಳನ್ನು ಒಟ್ಟಾಗಿ ನೋಡಿದಾಗ ಕ್ಲಬ್ಬಿನ ನಷ್ಟ 10.5 ಕೋಟಿ ಪೌಂಡನ್ನು ಮೀರಬಾರದು ಎಂಬುದು ಅದರ ಸಾರವಾಗಿತ್ತು. ಅದರಲ್ಲಿಯೂ 1.5 ಕೋಟಿಗಿಂತ ಹೆಚ್ಚಿನ ಭಾಗವನ್ನು ಮಾಲೀಕರು ಸಾಲದ ರೂಪದಲ್ಲಲ್ಲದೆ ಬಂಡವಾಳವಾಗಿ ತುಂಬಿಕೊಡಬೇಕಿತ್ತು. ಕ್ರೀಡಾಂಗಣ, ಬಾಲಕರ ಅಕಾಡೆಮಿ, ಮಹಿಳಾ ತಂಡ, ಸಮುದಾಯ ಕಾರ್ಯಗಳಿಗೆ ಮಾಡಿದ ಖರ್ಚನ್ನು ಈ ಲೆಕ್ಕದಿಂದ ಹೊರಗಿಡುತ್ತಿದ್ದರು. ನಿಯಮ ಮುರಿದರೆ ಶಿಕ್ಷೆ ಹಣದಲ್ಲಿ ಮುಗಿಯುತ್ತಿರಲಿಲ್ಲ. 2023–24ರ ಋತುವಿನಲ್ಲಿ ಎವರ್ಟನ್ ಕ್ಲಬ್ಬಿನ ಅಂಕಪಟ್ಟಿಯಿಂದ ಎರಡು ಬಾರಿ ಸೇರಿ 8 ಅಂಕಗಳನ್ನೂ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನಿಂದ 4 ಅಂಕಗಳನ್ನೂ ಕಡಿತಗೊಳಿಸಲಾಯಿತು.

ಮಾಲೀಕರು ತಮ್ಮದೇ ಕಂಪನಿಗಳ ಮೂಲಕ ಜೆರ್ಸಿಗೆ ಭಾರಿ ಪ್ರಾಯೋಜಕತ್ವ ಕೊಟ್ಟು ಆದಾಯವನ್ನು ಹಿಗ್ಗಿಸಬಹುದಲ್ಲ ಎಂಬ ಪ್ರಶ್ನೆ ಮೂಡುತ್ತದೆ. ನ್ಯೂಕಾಸಲ್ ಕೈ ಬದಲಾದ ಎರಡೇ ತಿಂಗಳಲ್ಲಿ ಉಳಿದ ಕ್ಲಬ್ಬುಗಳು ಆ ಬಾಗಿಲನ್ನೂ ಬಿಗಿಗೊಳಿಸಿದವು: ಮಾಲೀಕರಿಗೆ ಸಂಬಂಧಪಟ್ಟ ಸಂಸ್ಥೆಗಳ ಜೊತೆಗಿನ ಒಪ್ಪಂದ ನ್ಯಾಯವಾದ ಮಾರುಕಟ್ಟೆ ಬೆಲೆಯಲ್ಲೇ ಇರಬೇಕು. ಸೌದಿಯ ಸೆಲಾ ಸಂಸ್ಥೆಯ ಹೆಸರು ನ್ಯೂಕಾಸಲ್ ಜೆರ್ಸಿಯ ಮೇಲಿದ್ದರೂ ಆ ಮೊತ್ತ ಈ ಒರೆಗಲ್ಲನ್ನು ದಾಟಿಯೇ ಬರಬೇಕಾಯಿತು.

ಈ ನಿಯಮ ಒಬ್ಬ ಅಭಿಮಾನಿಯ ಮನಸ್ಸಿಗೆ ಹೇಗೆ ತಟ್ಟುತ್ತದೆ ಎಂಬುದನ್ನು 2024ರ ಜೂನ್ ತೋರಿಸಿತು. ನ್ಯೂಕಾಸಲ್ 2021–22 ಮತ್ತು 2022–23ರಲ್ಲಿ ತಲಾ 7 ಕೋಟಿ ಪೌಂಡ್ ದಾಟಿದ ನಷ್ಟ ತೋರಿಸಿತ್ತು. ವಿನಾಯಿತಿಗಳನ್ನು ಕಳೆದರೂ ಮೂರನೇ ವರ್ಷಕ್ಕೆ ಹೆಚ್ಚು ಜಾಗ ಉಳಿದಿರಲಿಲ್ಲ. ಆ ವರ್ಷದ ಲೆಕ್ಕ ಮುಗಿಯುತ್ತಿದ್ದದ್ದು ಜೂನ್ 30ಕ್ಕೆ. ತಿಂಗಳ ಕೊನೆಯ ದಿನಗಳಲ್ಲಿ ಕ್ಲಬ್ ಇಬ್ಬರು ಯುವಕರನ್ನು ತರಾತುರಿಯಿಂದ ಮಾರಿತು. ಒಂದು ಪಂದ್ಯವನ್ನೂ ತಂಡಕ್ಕಾಗಿ ಆಡದಿದ್ದ ಯಾಂಕುಬಾ ಮಿಂಟೆ ಸುಮಾರು 3.3 ಕೋಟಿಗೆ ಬ್ರೈಟನ್ ಸೇರಿದರು. ಬಾಲ್ಯದಿಂದಲೇ ಕ್ಲಬ್ಬಿನ ಅಕಾಡೆಮಿಯಲ್ಲಿ ಬೆಳೆದ, ಊರಿನವರೇ ಆದ ಎಲಿಯಟ್ ಆಂಡರ್ಸನ್ ಸುಮಾರು 3.5 ಕೋಟಿಗೆ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಹೋದರು. ಸೌದಿ ನಿಧಿಗೆ ಈ ಸುಮಾರು 7 ಕೋಟಿ ಪೌಂಡ್ ಲೆಕ್ಕಕ್ಕೇ ಬಾರದ ಮೊತ್ತ. ಆದರೆ ಅದನ್ನು ನಿಧಿಯೇ ತುಂಬಿದ್ದರೂ ನಷ್ಟ ನಷ್ಟವಾಗಿಯೇ ಉಳಿಯುತ್ತಿತ್ತು.

ಆಂಡರ್ಸನ್ ಅವರನ್ನೇ ಏಕೆ ಮಾರಿದರು ಎಂಬುದಕ್ಕೆ ಉತ್ತರ ಹಿಂದಿನ ಭಾಗದ ಲೆಕ್ಕದಲ್ಲಿದೆ. ಅಕಾಡೆಮಿಯಲ್ಲಿ ಬೆಳೆದ ಆಟಗಾರನಿಗೆ ಕ್ಲಬ್ ಖರೀದಿ ಬೆಲೆ ಕೊಟ್ಟಿರುವುದಿಲ್ಲ. ಪುಸ್ತಕ ಮೌಲ್ಯ ಸೊನ್ನೆ. ಹೀಗಾಗಿ ಮಾರಿದ ಮೊತ್ತವೆಲ್ಲ ಲಾಭ. ಆಂಡರ್ಸನ್ ಮುಂದೆ ಇಂಗ್ಲೆಂಡಿನ ರಾಷ್ಟ್ರೀಯ ತಂಡಕ್ಕೂ ಆಡಿದರು, ಆ ಸಂಗತಿ ನ್ಯೂಕಾಸಲ್‌ನಲ್ಲಿ ಇಂದಿಗೂ ಯಾರಿಗೂ ರುಚಿಸುವುದಿಲ್ಲ.

ಬಯಸಿದವರು ಕೈತಪ್ಪುವ ಬಗೆ

ಲೆಕ್ಕದಲ್ಲಿ ಜಾಗವಿದ್ದರೂ ವ್ಯವಹಾರ ಕುದುರಲು ಮೂವರು ಒಪ್ಪಬೇಕು: ಮಾರುವ ಕ್ಲಬ್, ಕೊಳ್ಳುವ ಕ್ಲಬ್, ಆಟಗಾರ. 2025ರ ಬೇಸಿಗೆಯಲ್ಲಿ ನ್ಯೂಕಾಸಲ್ ಬೆನ್ನು ಹತ್ತಿದ್ದವರಲ್ಲಿ ಜಾವೊ ಪೆಡ್ರೊ ಚೆಲ್ಸಿಗೆ, ಊಗೊ ಎಕಿಟಿಕೆ ಲಿವರ್‌ಪೂಲ್‌ಗೆ, ಬೆಂಜಮಿನ್ ಷೆಶ್ಕೊ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದರು. ಸಂಬಳ, ರಾಜಧಾನಿಯ ಬದುಕು, ಕ್ಲಬ್ಬಿನ ಹಳೆಯ ಹೆಸರು, ಹೀಗೆ ಆಟಗಾರನ ಆಯ್ಕೆಗೆ ಕಾರಣಗಳು ಹಲವು. ಮ್ಯಾಂಚೆಸ್ಟರ್ ಯುನೈಟೆಡ್ ಆ ವರ್ಷ ಯುರೋಪಿನ ಯಾವ ಪಂದ್ಯಾವಳಿಯಲ್ಲೂ ಇರಲಿಲ್ಲ, ನ್ಯೂಕಾಸಲ್ ಯುರೋಪಿನ ಅಗ್ರ ಕ್ಲಬ್ಬುಗಳು ಆಡುವ ಚಾಂಪಿಯನ್ಸ್ ಲೀಗ್‌ನಲ್ಲಿತ್ತು. ಆದರೂ ಷೆಶ್ಕೊ ಆ ಕಡೆ ನಡೆದರು.

ಒಪ್ಪಂದದೊಳಗೆ ಅಡಗಿರುವ ಷರತ್ತುಗಳು ಇನ್ನೊಂದು ತೊಡಕು. ಬಿಡುಗಡೆ ಷರತ್ತು (ರಿಲೀಸ್ ಕ್ಲಾಜ್) ಎಂದರೆ, ಇಷ್ಟು ಮೊತ್ತ ಯಾರು ಕೊಟ್ಟರೂ ಆಟಗಾರನ ಜೊತೆ ಮಾತಾಡಲು ಬಿಡಬೇಕು ಎಂಬ ಮುಂಗಡ ಒಪ್ಪಿಗೆ. ಇಪ್ಸ್‌ವಿಚ್ ತಂಡ ಕೆಳದರ್ಜೆಗೆ ಇಳಿದಾಗ ಅದರ ಮುಂಚೂಣಿ ಆಟಗಾರ ಲಿಯಾಮ್ ಡೆಲಾಪ್ 3 ಕೋಟಿ ಪೌಂಡಿಗೆ ಬಿಡುವಾದದ್ದು ಹೀಗೆ. ನ್ಯೂಕಾಸಲ್ ಸೇರಿದಂತೆ ಹಲವು ಕ್ಲಬ್ಬುಗಳು ಬಯಸಿದವು, ಡೆಲಾಪ್ ಚೆಲ್ಸಿಯನ್ನು ಆರಿಸಿಕೊಂಡರು. ಇನ್ನೊಂದು ಷರತ್ತು ಸರಿಸಾಟಿ ಹಕ್ಕು: ತಾನು ಮಾರಿದ ಆಟಗಾರನಿಗೆ ಮುಂದೆ ಬೇರೆಯವರು ಬೆಲೆ ಕಟ್ಟಿದಾಗ ಅದೇ ಬೆಲೆಗೆ ತಾನೇ ಮರಳಿ ಪಡೆಯುವ ಅವಕಾಶ. ಗೋಲ್‌ಕೀಪರ್ ಜೇಮ್ಸ್ ಟ್ರಾಫರ್ಡ್ ಅವರಿಗಾಗಿ ನ್ಯೂಕಾಸಲ್ ಬರ್ನ್‌ಲಿ ಕ್ಲಬ್ಬಿನೊಡನೆ ಮಾತು ಮುಂದುವರಿಸಿದಾಗ, 2023ರಲ್ಲಿ ಅವರನ್ನು ಬರ್ನ್‌ಲಿಗೆ ಮಾರಿದ್ದ ಮ್ಯಾಂಚೆಸ್ಟರ್ ಸಿಟಿ ಈ ಹಕ್ಕನ್ನು ಚಲಾಯಿಸಿ ವಾಪಸು ಕರೆಸಿಕೊಂಡಿತು. ವಾರಗಟ್ಟಲೆ ಬೆಲೆ ಕುದುರಿಸಿದ್ದು ಒಬ್ಬರು, ಫಲ ಉಂಡವರು ಇನ್ನೊಬ್ಬರು.

ಮುಂದಿನ ಋತುವಿಗೆ ಏನನ್ನು ಬಯಸುವುದು ಸಾಧ್ಯ?

ಅಭಿಮಾನಿಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೊದಲಿರುವುದು ಹೆಸರಾಂತ ಗೋಲುಗಾರ. ನ್ಯೂಕಾಸಲ್‌ನ ಇತ್ತೀಚಿನ ಋತುಗಳು ಬೇರೊಂದು ಅಗತ್ಯವನ್ನು ಸೂಚಿಸುತ್ತವೆ. ಎಡ್ಡಿ ಹೌ ಅವರ ತರಬೇತಿಯಲ್ಲಿ ತಂಡ 2022–23ರಲ್ಲಿ ನಾಲ್ಕನೆಯ, 2024–25ರಲ್ಲಿ ಐದನೆಯ ಸ್ಥಾನ ಪಡೆಯಿತು. ಈ ಎರಡೂ ವರ್ಷ ಯುರೋಪಿನ ಪಂದ್ಯಗಳ ಹೊರೆ ಇರಲಿಲ್ಲ. ನಡುವಿನ 2023–24ರಲ್ಲಿ ಚಾಂಪಿಯನ್ಸ್ ಲೀಗ್ ಆಡಿತು, ಪ್ಯಾರಿಸ್ ಸೇಂಟ್‌ ಜರ್ಮೇನ್ ತಂಡವನ್ನು ತವರಿನಲ್ಲಿ 4–1ರಿಂದ ಮಣಿಸಿ ಊರಿಗೆ ಊರೇ ಕುಣಿಯುವಂತೆ ಮಾಡಿತು, ಆದರೆ ಗಾಯಾಳುಗಳ ಪಟ್ಟಿ ಬೆಳೆದು, ಗುಂಪಿನಲ್ಲಿ ಕೊನೆಯ ಸ್ಥಾನಕ್ಕೂ ಲೀಗ್‌ನಲ್ಲಿ ಏಳಕ್ಕೂ ಇಳಿಯಿತು. ಬುಧವಾರ ಯುರೋಪಿನಲ್ಲಿ, ಶನಿವಾರ ಲೀಗ್‌ನಲ್ಲಿ ಆಡಬೇಕಾದ ತಂಡಕ್ಕೆ ಹನ್ನೊಂದು ಜನರ ಹಿಂದೆ ಅವರಷ್ಟೇ ಸಮರ್ಥರಾದ ಏಳೆಂಟು ಮಂದಿ ಬೇಕು. 2025ರಲ್ಲಿ ಕ್ಲಬ್ ಆಂಥನಿ ಎಲಾಂಗಾ, ಜೇಕಬ್ ರಾಮ್ಸಿ, ಮಾಲಿಕ್ ಚಾವ್, ಯೋಆನ್ ವಿಸ್ಸಾ ಎಂದು ಸಾಲಾಗಿ ಕೊಂಡದ್ದನ್ನು ಈ ದೃಷ್ಟಿಯಿಂದ ನೋಡಿದರೆ ಅರ್ಥವಾಗುತ್ತದೆ.

ಹಣದ ನಿಯಮವೂ ಬದಲಾಗಿದೆ. ಪ್ರೀಮಿಯರ್ ಲೀಗ್ ಕ್ಲಬ್ಬುಗಳು 2025ರ ನವೆಂಬರ್‌ನಲ್ಲಿ 14–6 ಮತಗಳಿಂದ ಪಿಎಸ್‌ಆರ್ ಕೈಬಿಟ್ಟು, 2026–27ರಿಂದ ತಂಡದ ವೆಚ್ಚದ ಅನುಪಾತ ಎಂಬ ಕ್ರಮವನ್ನು ಒಪ್ಪಿದವು. ಆಟಗಾರರ ಮತ್ತು ಮುಖ್ಯ ತರಬೇತುದಾರರ ಸಂಬಳ, ವಾರ್ಷಿಕ ಸವಕಳಿ, ಏಜೆಂಟರ ದಲ್ಲಾಳಿ ಇವೆಲ್ಲ ಸೇರಿ ಕ್ಲಬ್ಬಿನ ಫುಟ್‌ಬಾಲ್ ಆದಾಯ ಹಾಗೂ ಆಟಗಾರರ ಮಾರಾಟದ ಲಾಭದ ಶೇ 85ರೊಳಗೆ ಇರಬೇಕು. ಮೀರಿದರೆ ಮೊದಲು ದಂಡ, ತೀರಾ ಮೀರಿದರೆ ಅಂಕ ಕಡಿತ. ಯುರೋಪಿನ ಪಂದ್ಯಾವಳಿಗಳಲ್ಲಿ ಆಡುವವರಿಗೆ ಯುಇಎಫ್‌ಎ ಇಟ್ಟಿರುವ ಮಿತಿ ಇನ್ನೂ ಬಿಗಿ, ಶೇ 70.

ಈ ಶೇಕಡಾವಾರನ್ನು ಅಂಕಿಗಳ ಮೇಲಿಟ್ಟು ನೋಡಿದರೆ ನ್ಯೂಕಾಸಲ್‌ನ ಕಷ್ಟ ಕಣ್ಣಿಗೆ ಕಟ್ಟುತ್ತದೆ. 2023–24ರಲ್ಲಿ ಅದರ ಆದಾಯ ಸುಮಾರು 32 ಕೋಟಿ ಪೌಂಡ್, ಆರ್ಸೆನಲ್‌ನದು 61 ಕೋಟಿಗೂ ಹೆಚ್ಚು, ಮ್ಯಾಂಚೆಸ್ಟರ್ ಸಿಟಿಯದು 71 ಕೋಟಿಗೂ ಹೆಚ್ಚು. ಆ ವರ್ಷದ ಆದಾಯಕ್ಕೆ ಶೇ 85 ಅನ್ವಯಿಸಿದರೆ ನ್ಯೂಕಾಸಲ್‌ಗೆ ಸಿಗುವುದು ಸುಮಾರು 27 ಕೋಟಿ, ಆರ್ಸೆನಲ್‌ಗೆ ಸುಮಾರು 52 ಕೋಟಿ. ನಿಯಮ ಎಲ್ಲರಿಗೂ ಒಂದೇ, ಆದರೆ ಅದು ಅಳೆಯುವುದು ಮಾಲೀಕರ ಜೇಬನ್ನಲ್ಲ, ಕ್ಲಬ್ಬಿನ ಗಳಿಕೆಯನ್ನು. ಈ ಕಾರಣಕ್ಕೇ ಕೆಲವು ಅಭಿಮಾನಿಗಳು ಹೊಸ ಗೋಲುಗಾರನಷ್ಟೇ ಆತುರದಿಂದ ಕ್ರೀಡಾಂಗಣದ ಸುದ್ದಿಗೂ ಕಾಯುತ್ತಾರೆ: ಸೇಂಟ್ ಜೇಮ್ಸ್ ಪಾರ್ಕಿನಲ್ಲಿ ಕೂರುವವರು ಸುಮಾರು 52,000, ಆರ್ಸೆನಲ್‌ನ ಅಂಗಳದಲ್ಲಿ 60,000ಕ್ಕೂ ಹೆಚ್ಚು, ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಸುಮಾರು 74,000. ಪ್ರತಿ ಪಂದ್ಯದ ಟಿಕೆಟ್ಟಿನ ಹಣ, ಚಾಂಪಿಯನ್ಸ್ ಲೀಗ್‌ನಿಂದ ಬರುವ ಪಾಲು, ಪ್ರಾಯೋಜಕರ ಒಪ್ಪಂದ, ಇವು ಏರಿದಷ್ಟೇ ಖರೀದಿಯ ಮಿತಿ ಏರುತ್ತದೆ. ಲೀಗ್‌ನಲ್ಲಿ ಐದನೆಯ ಸ್ಥಾನಕ್ಕೂ ಏಳನೆಯ ಸ್ಥಾನಕ್ಕೂ ಇರುವ ಅಂತರ ಹಲವು ಬಾರಿ ಮರುವರ್ಷದ ಆಟಗಾರರ ಪಟ್ಟಿಯನ್ನೇ ಬದಲಿಸಿಬಿಡುತ್ತದೆ.

ಹೊಸ ಕ್ರಮದಲ್ಲೂ ಮಾರಾಟದ ಲಾಭ ಲೆಕ್ಕಕ್ಕೆ ಸೇರುತ್ತದೆಯಾದ್ದರಿಂದ ಅಕಾಡೆಮಿಯ ಹುಡುಗರ ಮೇಲಿನ ಒತ್ತಡ ಹೋಗಿಲ್ಲ. ಊರಿನವರೇ ಆದ ಶಾನ್ ಲಾಂಗ್‌ಸ್ಟಾಫ್ 2025ರ ಜುಲೈನಲ್ಲಿ ಲೀಡ್ಸ್‌ಗೆ ಹೋದಾಗಲೂ ಮಾರಿದ ಬೆಲೆ ಪೂರ್ತಿ ಲಾಭವಾಗಿಯೇ ಜಮೆಯಾಯಿತು. ಈಗ ಲೂಯಿಸ್ ಮೈಲಿ ಅವರಂಥ ಯುವ ಆಟಗಾರ ಚೆನ್ನಾಗಿ ಆಡಿದ ದಿನ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟುವವರಿಗೆ ಎರಡು ಸಂಗತಿ ಒಟ್ಟಿಗೇ ಗೊತ್ತಿರುತ್ತದೆ: ಅವರು ಉಳಿದರೆ ತಂಡ ಬಲಗೊಳ್ಳುತ್ತದೆ, ಅವರ ಬೆಲೆ ಏರಿದಷ್ಟೂ ಅವರನ್ನು ಉಳಿಸಿಕೊಳ್ಳುವುದು ದುಬಾರಿಯಾಗುತ್ತದೆ.